ಕೇಬಲ್ ಜಾಲವಿರುವ ಸಣ್ಣ ಕಚೇರಿಗೆ ವೈ-ಫೈ: ಟಿಪಿ-ಲಿಂಕ್ ಇಎಪಿ225

ಎಂಟು ಹತ್ತು ಕಂಪ್ಯೂಟರುಗಳನ್ನು ಕೇಬಲ್ ಎಳೆದು ಒಂದು ನೆಟ್‌ವರ್ಕ್ ಸ್ವಿಚ್‌ಗೆ ಜೋಡಿಸಿ, ಒಂದೇ ಸರ್ವರಿನಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ ಇಟ್ಟುಕೊಂಡು ಕೆಲಸ ನಡೆಸುವ ಆಡಿಟರ್ ಕಚೇರಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಇಂಥ ಕಡೆ ವೈ-ಫೈ ಬೇಕೆನಿಸಿದಾಗ ಹೆಚ್ಚಿನವರು ಇನ್ನೊಂದು ರೂಟರ್ ಕೊಂಡು ತರುತ್ತಾರೆ. ಅದು ತನ್ನದೇ ಬೇರೆ ಐಪಿ ವಿಳಾಸಗಳನ್ನು, ಅಂದರೆ ಜಾಲದಲ್ಲಿ ಪ್ರತಿ ಯಂತ್ರವನ್ನೂ ಗುರುತಿಸುವ ಸಂಖ್ಯೆಗಳನ್ನು, ಹಂಚತೊಡಗುತ್ತದೆ. ಲ್ಯಾಪ್‌ಟಾಪಿಗೆ ಇಂಟರ್ನೆಟ್ ಸಿಕ್ಕರೂ ಕಚೇರಿಯ ಪ್ರಿಂಟರ್ ಆಗಲಿ, ಹಂಚಿಕೊಂಡ ಫೋಲ್ಡರ್ ಆಗಲಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಇಲ್ಲಿ ನಿಜಕ್ಕೂ ಬೇಕಾಗಿರುವುದು ಆಕ್ಸೆಸ್ ಪಾಯಿಂಟ್, ಅಂದರೆ ಈಗಿರುವ ಕೇಬಲ್ ಜಾಲವನ್ನೇ ವೈ-ಫೈ ಮೂಲಕ ಒದಗಿಸುವ ಉಪಕರಣ. ನಮ್ಮ ಕಚೇರಿಯಲ್ಲಿ ಬಳಸುತ್ತಿರುವ ಟಿಪಿ-ಲಿಂಕ್ ಇಎಪಿ225 ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದೆ.

ಈ ಉಪಕರಣ ವಿಳಾಸ ಹಂಚುವ ಗೋಜಿಗೇ ಹೋಗುವುದಿಲ್ಲ. ವೈ-ಫೈ ಮೂಲಕ ಬಂದ ಲ್ಯಾಪ್‌ಟಾಪಿಗೂ ಮೊದಲಿನಿಂದ ಇರುವ ರೂಟರೇ ವಿಳಾಸ ಕೊಡುವುದರಿಂದ, ಅದು ಕೇಬಲಿನಲ್ಲಿರುವ ಯಂತ್ರಗಳ ಸಾಲಿಗೇ ಸೇರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಚಾವಣಿಗೆ ಪ್ರತ್ಯೇಕ ವಿದ್ಯುತ್ ಪಾಯಿಂಟ್ ಕೂಡ ಬೇಡ, ಏಕೆಂದರೆ ಡೇಟಾ ಹೋಗುವ ಕೇಬಲಿನಲ್ಲೇ ವಿದ್ಯುತ್ತೂ ಹೋಗುತ್ತದೆ. ಜೊತೆಗೆ ಬರುವ ಸಣ್ಣ 24 ವೋಲ್ಟ್ ಅಡಾಪ್ಟರನ್ನು ಸ್ವಿಚ್‌ನ ಪಕ್ಕದಲ್ಲಿ, ಯುಪಿಎಸ್‌ನ ಸಾಕೆಟಿನಲ್ಲಿ ಇಟ್ಟರೆ ಕರೆಂಟ್ ಹೋದಾಗಲೂ ವೈ-ಫೈ ನಿಲ್ಲುವುದಿಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಅಡಾಪ್ಟರ್ ವಿದ್ಯುತ್ ಕಳಿಸುವುದು ಕೇಬಲಿನ 4, 5, 7 ಮತ್ತು 8ನೇ ತಂತಿಗಳಲ್ಲಿ. ಹಿಂದೆ ಕೇಬಲ್ ಹಾಕಿದವರು ಅನೇಕ ಕಡೆ ಎಂಟು ತಂತಿಗಳಲ್ಲಿ ನಾಲ್ಕನ್ನಷ್ಟೇ ಜ್ಯಾಕ್‌ಗೆ ಕ್ರಿಂಪ್ ಮಾಡಿ (ಒತ್ತಿ ಕೂರಿಸಿ), ಉಳಿದ ನಾಲ್ಕನ್ನು ಟೆಲಿಫೋನಿಗೋ ಇನ್ನೊಂದು ಕಂಪ್ಯೂಟರಿಗೋ ಬಳಸಿಕೊಂಡಿರುತ್ತಾರೆ. ಅಂಥ ಕೇಬಲಿನಲ್ಲಿ ಕಂಪ್ಯೂಟರ್ 100 ಎಂಬಿಪಿಎಸ್ ವೇಗದಲ್ಲಿ ತಕರಾರಿಲ್ಲದೆ ನಡೆದೀತು, ಆದರೆ ಆಕ್ಸೆಸ್ ಪಾಯಿಂಟಿನ ದೀಪ ಹೊತ್ತುವುದೇ ಇಲ್ಲ. ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೂ ಎಂಟೂ ತಂತಿಗಳು ಬೇಕು. ಆದ್ದರಿಂದ ಖರೀದಿಗೆ ಮುಂಚೆಯೇ ಜ್ಯಾಕ್‌ನ ಪಾರದರ್ಶಕ ತುದಿಯನ್ನು ಬೆಳಕಿಗೆ ಹಿಡಿದು ತಂತಿಗಳನ್ನು ಎಣಿಸುವುದು ಒಳ್ಳೆಯದು.

ಡಬ್ಬಿಯ ಮೇಲಿನ 867 ಎಂಬಿಪಿಎಸ್ ಎಂಬುದು 5 ಗಿಗಾಹರ್ಟ್ಸ್ ತರಂಗದ ಗರಿಷ್ಠ ಲೆಕ್ಕ. ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಇಟ್ಟಿಗೆ ಗೋಡೆ ದಾಟಿ, ಫೈಲು ತುಂಬಿದ ಕಬ್ಬಿಣದ ಬೀರುಗಳ ಹಿಂದಿರುವ ನಮ್ಮ ಒಳಕೋಣೆಗೆ ನಿಧಾನವಾದರೂ ದೂರ ಹೋಗುವ 2.4 ಗಿಗಾಹರ್ಟ್ಸ್ ತರಂಗ ಮಾತ್ರ ಸರಿಯಾಗಿ ತಲುಪುತ್ತದೆ. ರಿಟರ್ನ್ ಸಲ್ಲಿಸಲು ಅಷ್ಟು ಸಾಕು. ಉಪಕರಣವನ್ನು ಮೂಲೆಯಲ್ಲಿ ಅಡಗಿಸದೆ ನಡುಮನೆಯ ಚಾವಣಿಗೆ ಹಾಕುವುದೇ ಲೇಸು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅತಿಥಿಗಳ ಜಾಲ. ಕಕ್ಷಿದಾರರು ಬಂದು ಪಾಸ್‌ವರ್ಡ್ ಕೇಳಿದಾಗ ಇಲ್ಲವೆನ್ನುವುದು ಕಷ್ಟ, ಆದರೆ ಇನ್ನೊಬ್ಬರ ಲೆಕ್ಕಪತ್ರಗಳಿರುವ ಜಾಲದೊಳಕ್ಕೆ ಅವರನ್ನು ಬಿಟ್ಟುಕೊಳ್ಳುವುದು ಸರಿಯಲ್ಲ. ಇದರಲ್ಲಿ ಬೇರೆ ಹೆಸರಿನ ವೈ-ಫೈ ತೆರೆದು ‘ಗೆಸ್ಟ್ ನೆಟ್‌ವರ್ಕ್’ ಆಯ್ಕೆಯನ್ನು ಚಾಲೂ ಮಾಡಿದರೆ ಅವರಿಗೆ ಇಂಟರ್ನೆಟ್ ಮಾತ್ರ ಸಿಗುತ್ತದೆ, ಕಚೇರಿಯ ಒಳಗಿನ ಯಂತ್ರಗಳು ಸಿಗುವುದಿಲ್ಲ. ಪ್ರಿಂಟರೂ ಸಿಗುವುದಿಲ್ಲವಾದ್ದರಿಂದ, ಅವರು ಏನಾದರೂ ಮುದ್ರಿಸಬೇಕಿದ್ದರೆ ನಮ್ಮ ಸಿಬ್ಬಂದಿಗೇ ಕಳಿಸಬೇಕು. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.

ಒಂದೇ ಉಪಕರಣ ಸಾಲುವ ಕಡೆ ಬ್ರೌಸರಿನಲ್ಲೇ ಎಲ್ಲ ಸೆಟ್ಟಿಂಗ್ ಮುಗಿಯುತ್ತದೆ. ಎರಡು ಮೂರು ಅಂತಸ್ತುಗಳಿಗೆ ಹಲವನ್ನು ಹಾಕಿ, ಫೋನ್ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ದಾಟಬೇಕೆಂದರೆ ಅವನ್ನೆಲ್ಲ ಒಟ್ಟಿಗೆ ನಿಭಾಯಿಸುವ ಟಿಪಿ-ಲಿಂಕ್‌ನ ಒಮಾಡ ಕಂಟ್ರೋಲರ್ ಬೇಕು. ಇದು ಹಿಂದಿನ ತಲೆಮಾರಿನ ವೈ-ಫೈ 5ರ ಉಪಕರಣ ಎಂಬುದನ್ನೂ ಗಮನಿಸಬೇಕು. ಬಳಕೆದಾರರು ಹೆಚ್ಚಿದ್ದು ವೈ-ಫೈ 6 ಬೇಕೆನ್ನುವವರು ಇದೇ ಸರಣಿಯ ಇಎಪಿ610 ನೋಡಬಹುದು, ಆದರೆ ಅದಕ್ಕೆ ಕೇಬಲಿನಲ್ಲಿ ಹೆಚ್ಚು ವಿದ್ಯುತ್ ಕೊಡುವ 802.3ಎಟಿ ದರ್ಜೆಯ ಸ್ವಿಚ್ ಇಲ್ಲವೇ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಬೇಕಾಗುತ್ತದೆ.