ಊರಿನ ಹೈಸ್ಕೂಲೋ, ಮುಂಡಗೋಡದ ನವೋದಯವೋ?

ಅಂಕೋಲಾ ಕಡೆಯ ನಮ್ಮಂಥ ಮನೆಗಳಲ್ಲಿ ಮಗು 5ನೇ ಕ್ಲಾಸಿಗೆ ಬಂದ ಕೂಡಲೇ ಈ ಮಾತು ಶುರುವಾಗುತ್ತದೆ. ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯದ ಪರೀಕ್ಷೆ ಬರೆಸೋದಾ, ಇಲ್ಲ ಊರಲ್ಲೇ ಓದಿಸೋದಾ? ನನ್ನ ಮಗಳು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದಳು. ಮಗ ಘಾಟಿಯ ಮೇಲಿನ ಮುಂಡಗೋಡದ ನವೋದಯಕ್ಕೆ ಹೋದ. ನಾನು ಓದಿದ್ದು ಅನುದಾನಿತ ಶಾಲೆಯಲ್ಲಿ, ಅಂದರೆ ಖಾಸಗಿ ಸಂಸ್ಥೆ ನಡೆಸುವ, ಸರ್ಕಾರ ಅನುದಾನ ಕೊಡುವ ಶಾಲೆಯಲ್ಲಿ. ಮೂರಕ್ಕೂ ಸರ್ಕಾರದ ದುಡ್ಡು ಬರುತ್ತದೆ, ಆದರೆ ಒಳಹೊಕ್ಕು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಅನುದಾನಿತ ಶಾಲೆಯ ಬಗ್ಗೆ ಸ್ವಲ್ಪದರಲ್ಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ಹಳ್ಳಿಗಳಿಗೆ ಹೈಸ್ಕೂಲು ಬಂದದ್ದರಲ್ಲಿ ದಿನಕರ ದೇಸಾಯಿಯವರ ಪಾಲು ದೊಡ್ಡದು. ಚುಟುಕು ಬರೆದವರು, ರೈತರ ಪರ ಹೋರಾಡಿದವರು, ಆಮೇಲೆ ಸಂಸದರೂ ಆದವರು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಅದರ ಮೂಲಕ ಶಾಲೆಗಳನ್ನು ತೆರೆದರು. ಅಂಥ ಶಾಲೆಗಳಿಲ್ಲದಿದ್ದರೆ ನಮ್ಮಪ್ಪನ ಕಾಲದ ಎಷ್ಟೋ ಜನ 7ನೇ ಕ್ಲಾಸಿಗೇ ಓದು ಬಿಟ್ಟು ಗದ್ದೆಗೋ ದೋಣಿಗೋ ಇಳಿಯುತ್ತಿದ್ದರು. ಈಗಲೂ ಅನುದಾನಿತ ಶಾಲೆಯ ಮಕ್ಕಳಿಗೆ ಬಿಸಿಯೂಟ, ಹಾಲು, ವಿದ್ಯಾರ್ಥಿವೇತನದ ಪರೀಕ್ಷೆ ಎಲ್ಲವೂ ಸರ್ಕಾರಿ ಶಾಲೆಯಂತೆಯೇ ಇವೆ. ಸೇರಿಸುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಗಣಿತ, ವಿಜ್ಞಾನಕ್ಕೆ ಕಾಯಂ ಮೇಷ್ಟ್ರು ಇದ್ದಾರಾ?

ನಿಜವಾದ ಪೈಪೋಟಿ ಇರುವುದು ಉಳಿದೆರಡರ ನಡುವೆ.

ನವೋದಯ ಶುರುವಾದದ್ದು 1985-86ರಲ್ಲಿ, ಹಳ್ಳಿಯ ಜಾಣ ಮಕ್ಕಳಿಗಾಗಿ. 75 ಶೇಕಡಾ ಸೀಟು ಗ್ರಾಮೀಣ ಮಕ್ಕಳಿಗೇ ಮೀಸಲು. 6ನೇ ಕ್ಲಾಸಿಗೆ ಇಡೀ ಜಿಲ್ಲೆಯಿಂದ ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ ಅಂಕ ಬರೀ ಚಿತ್ರಗಳ ಬುದ್ಧಿಶಕ್ತಿ ಪ್ರಶ್ನೆಗಳಿಗೆ. ಎರಡನೇ ಸಲ ಬರೆಯುವ ಅವಕಾಶ ಇಲ್ಲ.

ಮಗನಿಗೆ ಅಲ್ಲಿ ಸಿಕ್ಕಿದ್ದು ಕಡಿಮೆಯೇನಲ್ಲ. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಅವರದೇ. 9ರಿಂದ ಕೆಲವರು ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಕಟ್ಟಬೇಕು. ಹುಡುಗಿಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನನಗೆ ತುಂಬಾ ಹಿಡಿಸಿದ್ದು 9ನೇ ಕ್ಲಾಸಿನ ವಲಸೆ. ಒಂದಿಷ್ಟು ಮಕ್ಕಳು ಒಂದು ವರ್ಷ ಹಿಂದಿ ಪ್ರದೇಶದ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ನಮ್ಮವನು ಹೋಗಲಿಲ್ಲ. ಆದರೆ ಪಕ್ಕದ ಮಂಚಕ್ಕೆ ಬಂದ ಉತ್ತರದ ಹುಡುಗನಿಂದ ಹಿಂದಿ ಕಲಿತ, ಅವನಿಗೆ ‘ಊಟ ಆಯ್ತಾ ಮಾರಾಯಾ’ ಕಲಿಸಿದ. ಟ್ಯೂಷನ್ನಿಗೆ ದುಡ್ಡು ಸುರಿದರೂ ಇದು ಸಿಗುವುದಿಲ್ಲ.

ಮಳೆಗಾಲದಲ್ಲೂ ವಸತಿ ಶಾಲೆಯೇ ಮೇಲು. ಜೂನ್, ಜುಲೈನಲ್ಲಿ ನಮ್ಮ ಕಡೆ ಜಿಲ್ಲಾಧಿಕಾರಿಗಳ ರಜೆ ಆದೇಶಕ್ಕೆ ಮಕ್ಕಳು ಬೆಳಿಗ್ಗೆಯಿಂದ ಮೊಬೈಲು ನೋಡುತ್ತಾ ಕೂರುತ್ತಾರೆ. ಮಗಳಿಗೆ ಆ ಪಾಠಗಳನ್ನು ಆಮೇಲೆ ಶನಿವಾರ, ಭಾನುವಾರ ಓಡಿಸಿ ಮುಗಿಸುತ್ತಿದ್ದರು. ಮಗನಿಗೆ ಆ ಕಾಟ ಇರಲಿಲ್ಲ. ಕಾಟ ಏನಿದ್ದರೂ ಅರಬೈಲ್ ಘಾಟಿ ಹತ್ತಿ ನೋಡಲು ಹೋಗುವ ನಮಗೆ. ಬಂಗಡೆ ಹುರಿದು ಡಬ್ಬಿಯಲ್ಲಿ ಒಯ್ಯೋಣವೆಂದರೆ ಅವನಿಗಿಂತ ಮೊದಲು ಬಸ್ಸಿನವರಿಗೇ ವಾಸನೆ ಗೊತ್ತಾಗುತ್ತದೆ ಎಂದು ಹೆಂಡತಿಗೆ ಹೇಳಿ ಹೇಳಿ ಸಾಕಾಯಿತು.

ಇಷ್ಟು ಕೇಳಿದರೆ ನವೋದಯವೇ ಗೆದ್ದಂತೆ, ಅಲ್ವಾ? ಆದರೆ ಊರಿನ ಹೈಸ್ಕೂಲಿನಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಎಷ್ಟೋ ಪಾಲಕರು ಇದರ ಹೆಸರೇ ಕೇಳಿರುವುದಿಲ್ಲ. 8ನೇ ಕ್ಲಾಸಿನಲ್ಲಿ ಬರೆಯಬೇಕು, 90 ಬುದ್ಧಿಶಕ್ತಿ ಪ್ರಶ್ನೆ, 90 ಪಾಠದ ಪ್ರಶ್ನೆ. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ಮೀರಬಾರದು. ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ ನೇರ ಮಗುವಿನ ಖಾತೆಗೆ. ಇದು ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗಷ್ಟೇ. ನವೋದಯದವರು ಬರೆಯುವಂತಿಲ್ಲ.

ಮಗಳ ಶಾಲೆಯ ವಿಜ್ಞಾನದ ಟೀಚರು ಪ್ರಾರ್ಥನೆಗೆ ಒಂದು ಗಂಟೆ ಮುಂಚೆಯೇ ಬಂದು, ಮಡಚಿದ ಕಾಗದಕ್ಕೆ ತೂತು ಹಾಕಿ, ಬಿಚ್ಚಿದರೆ ಎಲ್ಲೆಲ್ಲಿ ತೂತು ಬೀಳುತ್ತದೆ ಎಂದು ಕೇಳುತ್ತಿದ್ದರು. ಮಕ್ಕಳು ಮನೆಗೆ ಬಂದು ಹಳೇ ಪೇಪರೆಲ್ಲ ತೂತು ಮಾಡಿದರು. ಮಗಳು ಆಯ್ಕೆಯಾದಳು. ಆದರೆ ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ಊರ ಹೆಸರೂ ಸೇರಿದ ಪೂರ್ತಿ ಹೆಸರು. ಅಷ್ಟಕ್ಕೇ ದುಡ್ಡು ತಿಂಗಳುಗಟ್ಟಲೆ ತಡವಾಯಿತು. ಮಗು 7ನೇ ಕ್ಲಾಸಿನಲ್ಲಿರುವಾಗಲೇ ಎರಡೂ ಕಡೆ ಹೆಸರು ಒಂದೇ ಇದೆಯಾ ನೋಡಿ. ಪ್ರತಿ ವರ್ಷ ನವೀಕರಣವನ್ನೂ ಮರೆಯಬೇಡಿ.

ಆ ಶಾಲೆಯ ಪ್ರಯೋಗಾಲಯದ ಬೀರು ಬಹಳ ದಿನ ಬೀಗ ಹಾಕಿಯೇ ಇತ್ತು, ಅದನ್ನೂ ಹೇಳಬೇಕು. ಮಗ ಕೈಯಾರೆ ಮಾಡಿದ್ದನ್ನು ಮಗಳು ಚಿತ್ರ ಬಿಡಿಸಿ ಕಲಿತಳು. ಪ್ರತಿಭಾ ಕಾರಂಜಿ ಮಾತ್ರ ಅವಳಿಗೆ ಹಬ್ಬ. ಸಂಜೆ ಊರಿನ ಯಕ್ಷಗಾನದ ತರಗತಿಗೂ ಹೋಗುತ್ತಿದ್ದಳು. ಅದು ಘಾಟಿಯ ಮೇಲಿದ್ದರೆ ಆಗುತ್ತಿರಲಿಲ್ಲ.

ನನ್ನ ಪ್ರಕಾರ, ಮನೆಯಲ್ಲಿ ಓದಲು ಜಾಗವಿಲ್ಲದ, ಕೇಳುವವರಿಲ್ಲದ ಮಗುವಿಗೆ ನವೋದಯ ಬಿಟ್ಟರೆ ಬೇರೆ ಇಲ್ಲ. ತಾನಾಗಿ ಪುಸ್ತಕ ಹಿಡಿಯುವ ಮಗುವಿಗೆ, ಒಬ್ಬರಾದರೂ ಇಂಥ ಟೀಚರಿದ್ದರೆ, ಊರಿನ ಹೈಸ್ಕೂಲೇ ಸಾಕು. ತಮ್ಮನ ಮಗಳು ಈಗ 5ನೇ ಕ್ಲಾಸು, ಮನೆಯಲ್ಲಿ ಹೇಳದೇನೇ ಓದುತ್ತಾಳೆ. ನವೋದಯಕ್ಕೆ ಸುಮ್ನೆ ಒಂದು ಸಲ ಬರೆಸು, ಸಿಕ್ಕರೂ ಕಳಿಸಬೇಡ ಎಂದಿದ್ದೇನೆ. ಬುದ್ಧಿಶಕ್ತಿ ಪ್ರಶ್ನೆಗಳ ಆ ತಯಾರಿ 8ನೇ ಕ್ಲಾಸಿನ ಎನ್‌ಎಂಎಂಎಸ್‌ಗೂ ಆಗುತ್ತದೆ.