34 ರೆಕಾರ್ಡಿಂಗ್ ಇದ್ದದ್ದು 2 ಆಯಿತು: ಆಡಿಯೋ ಫೈಲ್‌ಗಳ ಹೆಸರು ಬದಲಿಸುವ ಮುಂಚೆ ಓದಿ

ಹಾಡು, ಭಾಷಣ, ಮನೆಯವರ ಧ್ವನಿ ಅಂತ ನಿಮ್ಮ ಕಂಪ್ಯೂಟರಿನಲ್ಲೂ ಸಾವಿರಾರು ಆಡಿಯೋ ಫೈಲ್ ಸೇರಿರಬಹುದು. ಎಲ್ಲದರ ಹೆಸರನ್ನೂ ಒಂದೇ ಸಲ ನೀಟಾಗಿ ಮಾಡಿಬಿಡೋಣ ಅಂತ ಹೊರಟಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನಾನೂ ಹಾಗೇ ಹೊರಟಿದ್ದೆ. ದೊಡ್ಡಪ್ಪನ ಧ್ವನಿ ಇದ್ದ ಐದು ರೆಕಾರ್ಡಿಂಗ್ ಕಳೆದುಕೊಂಡೆ. ಅವು ಇನ್ನು ಸಿಗುವುದಿಲ್ಲ.

ದೊಡ್ಡಪ್ಪ ತೀರಿಕೊಂಡು ಹನ್ನೆರಡು ವರ್ಷ ಆಯಿತು. ಇದ್ದಾಗ ಟೇಪ್ ರೆಕಾರ್ಡರ್ ಮುಂದೆ ಕೂತು ತಮ್ಮ ಬಾಲ್ಯ, ನೌಕರಿ, ತಿರುಗಾಡಿದ ಊರುಗಳು ಎಲ್ಲವನ್ನೂ ಹೇಳಿ ಇಟ್ಟಿದ್ದರು. ಒಟ್ಟು 17 ಕ್ಯಾಸೆಟ್. ನಾನು ಬದಿಗೊಂದರಂತೆ 34 ಎಂಪಿ3 ಫೈಲ್ ಮಾಡಿದ್ದೆ. ಹೆಸರುಗಳು ಹೀಗಿದ್ದವು: ದೊಡ್ಡಪ್ಪ_1991-04_ಕ್ಯಾಸೆಟ್07_ಬಿ. ನೋಡೋಕೆ ಚೆಂದ ಇರಲಿಲ್ಲ, ಆದರೆ ಬೇಕಾದ್ದೆಲ್ಲ ಅದರಲ್ಲೇ ಇತ್ತು. ಟ್ಯಾಗ್, ಅಂದರೆ ಫೈಲಿನ ಒಳಗೇ ಬರೆದಿಡುವ ಆಲ್ಬಮ್, ಶೀರ್ಷಿಕೆಯಂಥ ವಿವರ, ತುಂಬುವಾಗ ಮಾತ್ರ ಅಷ್ಟು ಗಮನ ಕೊಟ್ಟಿರಲಿಲ್ಲ. ಆಲ್ಬಮ್ ಅಂತ ಇರುವಲ್ಲಿ ಎಲ್ಲದಕ್ಕೂ 'ದೊಡ್ಡಪ್ಪನ ಮಾತು'. ಶೀರ್ಷಿಕೆ ಇರುವಲ್ಲಿ 'ಎ ಬದಿ' ಇಲ್ಲವೇ 'ಬಿ ಬದಿ'.

ಎಡವಟ್ಟು ಆದದ್ದು ಇಲ್ಲೇ. ಫೈಲ್ ಹೆಸರು ಡಬ್ಬದ ಮೇಲೆ ಅಂಟಿಸಿದ ಚೀಟಿ ಇದ್ದ ಹಾಗೆ. ಟ್ಯಾಗ್ ಡಬ್ಬದ ಒಳಗೇ ಇರುವ ಚೀಟಿ. ಎರಡರಲ್ಲೂ ಒಂದೇ ವಿಷಯ ಇರಬೇಕೆಂದೇನಿಲ್ಲ. ಎಷ್ಟೋ ಸಲ ಇರುವುದಿಲ್ಲ.

ಒಂದು ಭಾನುವಾರ ಹಾಡುಗಳ ಸಂಗ್ರಹವನ್ನು ಸರಿ ಮಾಡಲು ಕೂತೆ. ಸುಮಾರು ನಾಲ್ಕು ಸಾವಿರ ಫೈಲ್. ಟ್ಯಾಗ್ ನೋಡಿ ತಾನೇ ಹೆಸರಿಡುವ ಒಂದು ತಂತ್ರಾಂಶ ಹಾಕಿಕೊಂಡೆ. ಫೋಲ್ಡರ್‌ಗೆ ಆಲ್ಬಮ್ ಹೆಸರು, ಫೈಲ್‌ಗೆ ಶೀರ್ಷಿಕೆ, ಇಷ್ಟೇ ನಿಯಮ ಕೊಟ್ಟೆ. ಮುನ್ನೋಟದಲ್ಲಿ ಮೊದಲ ಇಪ್ಪತ್ತು ಮೂವತ್ತು ಸಾಲು ನೋಡಿದೆ. ಎಲ್ಲ ಹಾಡುಗಳೇ, ಎಲ್ಲ ಸರಿಯಾಗೇ ಇದ್ದವು. ಶುರು ಮಾಡಿದೆ. ಒಂದೇ ಹೆಸರಿನ ಫೈಲ್ ಬಂದಾಗಲೆಲ್ಲ ಅದು ನಿಂತು ಕೇಳುತ್ತಿತ್ತು. ಏಳೆಂಟು ಸಲ ಉತ್ತರ ಕೊಟ್ಟು ಸಾಕಾಗಿ, 'ಹಳೆಯದರ ಮೇಲೆಯೇ ಬರೆ, ಮತ್ತೆ ಕೇಳಬೇಡ' ಅನ್ನೋ ಆಯ್ಕೆಗೆ ಟಿಕ್ ಹಾಕಿದೆ.

ದೊಡ್ಡಪ್ಪನ ಫೋಲ್ಡರ್ ಕೂಡ ಅದೇ ಸಂಗ್ರಹದ ಒಳಗಿತ್ತು. 34 ಫೈಲ್‌ಗೂ ಒಂದೇ ಆಲ್ಬಮ್, ಎರಡೇ ಶೀರ್ಷಿಕೆ. ಒಂದರ ಮೇಲೆ ಒಂದು ಬರೆಯುತ್ತಾ ಹೋಗಿ ಕೊನೆಗೆ ಉಳಿದದ್ದು 'ಎ ಬದಿ', 'ಬಿ ಬದಿ' ಅಂತ ಎರಡೇ. ಅವು ಕೊನೆಯಲ್ಲಿ ಬಂದ ಕ್ಯಾಸೆಟ್ 17ರವು.

ನನಗೆ ಇದು ತಿಳಿದದ್ದು ಏಳು ವಾರ ಆದ ಮೇಲೆ. ಬೇರೆ ಡಿಸ್ಕಿಗೆ ದಿನಾ ರಾತ್ರಿ ತಾನಾಗೇ ಕಾಪಿ ಆಗುತ್ತಿತ್ತು, ಆದರೆ ಅದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಆನ್‌ಲೈನ್ ಪ್ರತಿಯಲ್ಲಿ ಅಳಿಸಿದ ಫೈಲ್ 30 ದಿನ ಇರುತ್ತಿತ್ತು, ಆ ಗಡುವೂ ಮುಗಿದಿತ್ತು. ಅಳಿಸಿದ್ದನ್ನು ವಾಪಸ್ ತರುವ ತಂತ್ರಾಂಶವನ್ನೂ ಓಡಿಸಿದೆ. ನನ್ನದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲೇ ಉಳಿಸುವ ಡಿಸ್ಕ್. ಅದರಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ. ಅಳಿಸಿದ ಫೈಲ್‌ನ ಜಾಗವನ್ನು ಡಿಸ್ಕ್ ತಾನೇ ಖಾಲಿ ಮಾಡಿಕೊಳ್ಳುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಆಗಿದ್ದರೆ ಏನಾದರೂ ಸಿಗುತ್ತಿತ್ತೇನೋ, ಇದರಲ್ಲಿ ಏನೂ ಸಿಗಲಿಲ್ಲ.

ದೊಡ್ಡಪ್ಪನ ಮಗಳಿಗೆ ಫೋನ್ ಮಾಡಿ ಹೇಳಿದೆ. ಅಕ್ಕ ಬೈಯಲಿಲ್ಲ. "ಯಾವ್ಯಾವುದು ಹೋಯ್ತೋ?" ಅಂತ ಮಾತ್ರ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಫೈಲಿನಲ್ಲಿ ಏನಿದೆ ಅಂತ ಬೇರೆ ಎಲ್ಲೂ ಬರೆದಿಟ್ಟಿರಲಿಲ್ಲ. ಆ ಫೈಲ್ ಹೆಸರುಗಳೇ ಇದ್ದ ಒಂದೇ ಪಟ್ಟಿ.

ಅಕ್ಕನ ಹಳೆಯ ಲ್ಯಾಪ್‌ಟಾಪಿನಲ್ಲಿ 19 ಫೈಲ್ ಸಿಕ್ಕವು. ಹೆಸರುಗಳೆಲ್ಲ ಟ್ರ್ಯಾಕ್ 01, ಟ್ರ್ಯಾಕ್ 02 ಅಂತ ಬದಲಾಗಿದ್ದವು. ಹಾಗಾಗಿ ಪುಸ್ತಕ ಹಿಡಿದು ಒಂದೊಂದನ್ನೇ ಕೇಳುತ್ತಾ ಕೂತೆ. ಒಂದರಲ್ಲಿ ಮೊದಲು ಗುಂಡಿ ಒತ್ತಿದ 'ಟಕ್' ಸದ್ದು. ದೊಡ್ಡಪ್ಪ ಎರಡು ಸಲ ಕೆಮ್ಮುತ್ತಾರೆ. "ತಿರುಗ್ತಾ ಇದೆಯಾ ನೋಡು" ಅನ್ನುತ್ತಾರೆ. ದೂರದಿಂದ ದೊಡ್ಡಮ್ಮ "ಹ್ಞೂಂ, ತಿರುಗ್ತಿದೆ, ನೀವು ಹೇಳಿ" ಅನ್ನುತ್ತಾರೆ. ಅದು ಕ್ಯಾಸೆಟ್ 7ರ ಬಿ ಬದಿ ಅಂತ ತಕ್ಷಣ ಗೊತ್ತಾಯಿತು. ಎಲ್ಲವೂ ಅಷ್ಟು ಸುಲಭ ಇರಲಿಲ್ಲ. ನನ್ನಲ್ಲಿ ಉಳಿದ 2, ಅಕ್ಕನ 19, ಉಳಿದಿದ್ದ ಕ್ಯಾಸೆಟ್‌ಗಳಿಂದ ಮತ್ತೆ ತೆಗೆದ 8. ಒಟ್ಟು 29. ಬಾಕಿ ಕ್ಯಾಸೆಟ್‌ಗಳ ಟೇಪ್ ಅಂಟಿಕೊಂಡು ಹರಿದುಹೋಗಿತ್ತು.

ಹಾಡುಗಳ ಕಡೆಯೂ ಏಟು ಬಿದ್ದಿತ್ತು. ಕನ್ನಡದಲ್ಲಿ ಟ್ಯಾಗ್ ಬರೆಯುವವರು ಒಂದು ವಿಷಯ ಗಮನಿಸಿ. ಎಂಪಿ3ಯ ಹಳೆಯ ಟ್ಯಾಗ್ ಐಡಿ3 ಆವೃತ್ತಿ 1, 1996ರದ್ದು. ಫೈಲಿನ ಕೊನೆಯ 128 ಬೈಟ್‌ನಲ್ಲಿ ಕೂರುತ್ತದೆ. ಶೀರ್ಷಿಕೆಗೆ 30 ಬೈಟ್ ಅಷ್ಟೇ, ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆಯಲು ಬಳಸುವ ಯೂನಿಕೋಡ್ ಸಂಗತಿಯೇ ಅದರಲ್ಲಿಲ್ಲ. ನನ್ನ ತಂತ್ರಾಂಶ 'ಎರಡೂ ಟ್ಯಾಗ್ ಹೊಂದಿಸು' ಅನ್ನೋ ಹೆಸರಿನಲ್ಲಿ ಈ ಹಳೆಯದನ್ನು ಓದಿ ಹೊಸದರ (ಆವೃತ್ತಿ 2ರ) ಮೇಲೆ ಬರೆದಿತ್ತು. ಚೆನ್ನಾಗಿದ್ದ ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳ ಸಾಲು. ಅವನ್ನು ಯಾವ ಸೆಟ್ಟಿಂಗ್ ಬದಲಿಸಿದರೂ ಮತ್ತೆ ಅಕ್ಷರ ಮಾಡಲು ಆಗುವುದಿಲ್ಲ, ಮೂಲ ಅಕ್ಷರವೇ ಹೋಗಿರುತ್ತದೆ. ಈಗ ನಾನು ಆವೃತ್ತಿ 1 ಬರೆಯುವುದನ್ನೇ ನಿಲ್ಲಿಸಿದ್ದೇನೆ. 2.3 ಆವೃತ್ತಿಯಲ್ಲಿ ಯೂನಿಕೋಡ್ ಬರೆಯುವ ಒಂದು ರೀತಿಯಾದ ಯುಟಿಎಫ್-16 ಬಳಸುತ್ತೇನೆ. 2.4 ಆದರೆ ಇನ್ನೊಂದು ರೀತಿಯಾದ ಯುಟಿಎಫ್-8 ಕೂಡ ಆಗುತ್ತದೆ. ಫ್ಲ್ಯಾಕ್ ಅನ್ನೋ ಇನ್ನೊಂದು ಬಗೆಯ ಆಡಿಯೋ ಫೈಲ್‌ಗಳ ಟ್ಯಾಗ್ ಮೊದಲಿಂದಲೂ ಯುಟಿಎಫ್-8 ಆಗಿರುವುದರಿಂದ ಅಲ್ಲಿ ಈ ತಲೆನೋವು ಇಲ್ಲ.

ಕೇಳಿ ಗುರುತಿಸುವ ಸೇವೆಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅಂಥದ್ದೇ ಒಂದು ಸೇವೆ ಅಕೌಸ್ಟ್‌ಐಡಿ ತುಂಬ ಉಪಯೋಗಕ್ಕೆ ಬರುತ್ತದೆ, ನಾನು ಈಗಲೂ ಬಳಸುತ್ತೇನೆ. ಆದರೆ ಸಾಮಾನ್ಯವಾಗಿ ಅದು ನೋಡುವುದು ಮೊದಲ 2 ನಿಮಿಷ ಮಾತ್ರ. ಒಂದೇ ರೀತಿ ಶುರುವಾಗಿ ಮುಂದೆ ಬೇರೆಯಾಗುವ ಎರಡು ಆವೃತ್ತಿಗಳು ಅದಕ್ಕೆ ಒಂದೇ ಅನಿಸಬಹುದು. ಮನೆಯಲ್ಲಿ ಮಾಡಿದ ರೆಕಾರ್ಡಿಂಗ್ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಇಂಥ ಸೇವೆಗೆ ತೋರಿಸದೇ ಇರುವುದೇ ಒಳ್ಳೆಯದು.

ಈಗ ನಾನು ಮಾಡುವುದು ಹೀಗೆ. ಮನೆಯ ರೆಕಾರ್ಡಿಂಗ್‌ಗಳು ಹಾಡಿನ ಸಂಗ್ರಹದ ಒಳಗೇ ಇಲ್ಲ, ಬೇರೆ ಡಿಸ್ಕಿನಲ್ಲಿವೆ. ಆ ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿರುವುದಿಲ್ಲ. ಏನೇ ಬದಲಿಸುವ ಮುಂಚೆ ಹಳೆಯ ಹೆಸರುಗಳ ಪಟ್ಟಿ ತೆಗೆದಿಡುತ್ತೇನೆ. ಎಂಪಿ3ಟ್ಯಾಗ್ ಅನ್ನೋ ತಂತ್ರಾಂಶದಲ್ಲಿ ಇದಕ್ಕೆ ಎಕ್ಸ್‌ಪೋರ್ಟ್ ಇದೆ. ಹಳೆಯ ಫೈಲ್ ಹೆಸರನ್ನು ಟ್ಯಾಗ್‌ನ ಕಾಮೆಂಟ್ ಜಾಗದಲ್ಲೂ ಬರೆದಿಡುತ್ತೇನೆ. ಪಟ್ಟಿಯಲ್ಲಿ ಪ್ರತಿ ಫೈಲಿನ ಧ್ವನಿ ಭಾಗದ ಎಂಡಿ5, ಅಂದರೆ ಅದರ ಬೆರಳಚ್ಚಿನಂಥ ಒಂದು ಸಂಖ್ಯೆ, ಕೂಡ ಇರುತ್ತದೆ. ಎಫ್‌ಎಫ್‌ಎಂಪೆಗ್ ಅನ್ನೋ ತಂತ್ರಾಂಶದಲ್ಲಿ ಟ್ಯಾಗ್ ಬಿಟ್ಟು ಧ್ವನಿಗೆ ಮಾತ್ರ ಅದನ್ನು ಲೆಕ್ಕ ಹಾಕಿಸಬಹುದು. ಹೆಸರು, ಟ್ಯಾಗ್ ಎರಡೂ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ, ಯಾವುದು ಯಾವುದು ಅಂತ ಪತ್ತೆ ಹಚ್ಚಬಹುದು.

ಟ್ಯಾಗ್ ಸರಿ ಮಾಡುವ ಇನ್ನೊಂದು ತಂತ್ರಾಂಶ ಪಿಕಾರ್ಡ್‌ನಲ್ಲಿ ಟ್ಯಾಗ್ ಬರೆಯುವುದು, ಹೆಸರು ಬದಲಿಸುವುದು, ಫೈಲ್ ಸರಿಸುವುದು ಮೂರೂ ಬೇರೆ ಬೇರೆ ಆಯ್ಕೆ. ಒಂದೇ ಸಲ ಮೂರನ್ನೂ ಆನ್ ಮಾಡಬೇಡಿ. ಟ್ಯಾಗ್ ಬರೆದರೆ ಫೈಲಿನ ದಿನಾಂಕವೂ ಬದಲಾಗುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ರೆಕಾರ್ಡ್ ಮಾಡಿದ ದಿನಕ್ಕೆ ಅದೊಂದೇ ಆಧಾರ ಆಗಿದ್ದರೆ ಅದನ್ನು ಹಾಗೇ ಉಳಿಸುವ ಆಯ್ಕೆಗೆ ಮೊದಲು ಟಿಕ್ ಹಾಕಿ. ಪ್ಲೇಲಿಸ್ಟ್‌ಗಳೂ ಅಷ್ಟೇ. ಎಂ3ಯು ಅನ್ನೋ ಪ್ಲೇಲಿಸ್ಟ್ ಫೈಲಿನಲ್ಲಿ ಇರುವುದು ಫೈಲ್ ಇರುವ ದಾರಿ. ಹೆಸರು ಬದಲಾದರೆ ಅದು ಕೆಲಸ ಮಾಡುವುದಿಲ್ಲ.

ಕನ್ನಡದಲ್ಲಿ ಹೆಸರಿಡುವಾಗ ಉದ್ದದ ಮೇಲೂ ಕಣ್ಣಿರಲಿ. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ 'ಕ' 3 ಬೈಟ್, 'ಕ್ಷ' 9 ಬೈಟ್. ಕಣ್ಣಿಗೆ ಚಿಕ್ಕದಾಗಿ ಕಾಣುವ ಹೆಸರೂ ಬೇಗ ಮಿತಿ ಮುಟ್ಟುತ್ತದೆ.

29ರಲ್ಲಿ 28ಕ್ಕೆ ಸರಿಯಾದ ಹೆಸರು ಕೊಟ್ಟಾಗಿದೆ. ಒಂದು ಮಾತ್ರ ಯಾವ ಕ್ಯಾಸೆಟ್ಟಿನದು ಅಂತ ತಿಳಿದಿಲ್ಲ. ಅದರಲ್ಲಿ ದೊಡ್ಡಪ್ಪ ಒಂದು ರೈಲು ಪ್ರಯಾಣದ ವಿಷಯ ಹೇಳುತ್ತಾರೆ, ಹೇಳುತ್ತಿರುವಾಗಲೇ ಟೇಪ್ ಮುಗಿಯುತ್ತದೆ. ಊಹೆ ಮಾಡಿ ಏನನ್ನೂ ತುಂಬಿಲ್ಲ. ದೊಡ್ಡಪ್ಪ_ದಿನಾಂಕ-ಗೊತ್ತಿಲ್ಲ_ರೈಲು ಅಂತ ಬರೆದಿಟ್ಟಿದ್ದೇನೆ. ಅಕ್ಕ ಬಂದಾಗ ಇಬ್ಬರೂ ಕೂತು ಕೇಳಬೇಕು.