1939ರ ಬೆಳ್ಳಿ ರೂಪಾಯಿ ಮಾರುವವರು ಅಂಚಿನ ಫೋಟೋ ಕಳಿಸಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಹಳೆ ನಾಣ್ಯ ಕೂಡಿಡುವವರು, ಅದರಲ್ಲೂ ಒಂದೆರಡು ಅಪರೂಪದ ಇಸವಿಯ ನಾಣ್ಯ ಮಾರಬೇಕು ಅಂದುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಒಬ್ಬ ಐವತ್ತರ ಆಸುಪಾಸಿನವನು, ಜೊತೆಗೆ ಒಬ್ಬ ಹುಡುಗ, ಇಬ್ಬರೂ ಸೇರಿ ನಮ್ಮ ಕಡೆ ಓಡಾಡುತ್ತಿದ್ದಾರೆ. ಕೊಳ್ಳುವವರ ಹಾಗೆ ಬಂದು, ಅಸಲಿ ಎತ್ತಿಕೊಂಡು, ನಕಲಿ ಕೈಗಿಟ್ಟು ಹೋಗುತ್ತಾರೆ. ನನ್ನ 1939ರ ಜಾರ್ಜ್ ರೂಪಾಯಿ ಹೋಗಿದ್ದು ಹೀಗೆ.

ಕೊಳ್ಳುವಾಗ ಹುಷಾರು ಅಂತ ಎಲ್ಲರೂ ಹೇಳುತ್ತಾರೆ. ಮಾರುವಾಗ ಆಗುವ ಮೋಸದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಆರನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳಲ್ಲಿ 1938, 1940, 1945 ಇವೆಲ್ಲ ಸುಲಭವಾಗಿ ಸಿಗುತ್ತವೆ. ನಮ್ಮ ಕಡೆ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ, ಲಕ್ಷ್ಮೀ ಪೂಜೆಯ ತಟ್ಟೆಯಲ್ಲಿ ಈಗಲೂ ಇವೆ. ಸಿಗದೇ ಇರುವುದು 1939. ಅದು ಬಾಂಬೆ ಟಂಕಸಾಲೆಯದು. ಆ ವರ್ಷದವರೆಗೆ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ ಇತ್ತು. ಯುದ್ಧ ಶುರುವಾಯಿತು, ಜನ ಬೆಳ್ಳಿ ಬಚ್ಚಿಡತೊಡಗಿದರು, 1940ರಿಂದ ಸರ್ಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಹಳೆಯ ಗಟ್ಟಿ ಬೆಳ್ಳಿಯ ರೂಪಾಯಿಗಳನ್ನು ವಾಪಸ್ ತೆಗೆದುಕೊಂಡು ಕರಗಿಸಿತು. 1939ರದ್ದು ಬಹುಪಾಲು ಹೀಗೇ ಹೋಯಿತು. ಇಂಥ ಇಸವಿಗೆ ನಾವು ಕೀ ಡೇಟ್ ಅನ್ನುತ್ತೇವೆ. ಸರಣಿ ಪೂರ್ತಿ ಮಾಡಬೇಕು ಅನ್ನುವವನಿಗೆ ಇದೊಂದು ಸಿಗದೆ ವರ್ಷಗಟ್ಟಲೆ ಖಾಲಿ ಜಾಗ ಇರುತ್ತದೆ. ಒಳ್ಳೆ ಸ್ಥಿತಿಯದು ಸಿಕ್ಕರೆ ಒಂದು ಸೆಕೆಂಡ್ ಹ್ಯಾಂಡ್ ಬೈಕಿನ ದುಡ್ಡು ಕೊಡಬೇಕು. ಪಕ್ಕದ 1938ಕ್ಕೆ ಅಕ್ಕಸಾಲಿಗರ ಅಂಗಡಿಯಲ್ಲಿ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ಕೊಟ್ಟರೆ ಸಾಕು.

ಮೋಸದ ಬೇರು ಇರುವುದೇ ಇಲ್ಲಿ. 1938 ಮತ್ತು 1939 ಎರಡೂ ಒಂದೇ ಬೆಳ್ಳಿ, ಒಂದೇ ತೂಕ, 11.66 ಗ್ರಾಂ. ಅಂಚಿನ ಗೆರೆಯೂ ಒಂದೇ ಥರ. ಕೊನೆಯ 8ನ್ನು 9 ಮಾಡಿದರೆ ಸಾಕು, ತಕ್ಕಡಿ ಏನೂ ಹೇಳುವುದಿಲ್ಲ, ಆಯಸ್ಕಾಂತ ಏನೂ ಹೇಳುವುದಿಲ್ಲ, ನೆಲಕ್ಕೆ ಬಡಿದು ಸದ್ದು ಕೇಳಿದರೂ ಗೊತ್ತಾಗುವುದಿಲ್ಲ. ಅಂಗಡಿಯ ಬೆಳ್ಳಿ ಟೆಸ್ಟಿಂಗ್ ಮಷಿನ್ ಕೂಡ ಪಾಸ್ ಮಾಡುತ್ತದೆ. ಅದು ಅಸಲಿ ಬೆಳ್ಳಿಯೇ ತಾನೆ! 1940ರ ರೂಪಾಯಿ ತಿದ್ದಿದರೆ ಬೆಳ್ಳಿಯಲ್ಲೂ ಅಂಚಿನಲ್ಲೂ ಸಿಕ್ಕಿಬೀಳುತ್ತಾರೆ. ಅದಕ್ಕೇ ಯಾರೂ ಅದರ ಗೋಜಿಗೆ ಹೋಗುವುದಿಲ್ಲ.

ಮಗಳ ಕಾಲೇಜು ಫೀಸಿನ ಸಮಯ. ನನ್ನ ಹತ್ತಿರ ಬಿಲ್ ಸಮೇತ ತೆಗೆದುಕೊಂಡಿದ್ದ 1939 ಒಂದಿತ್ತು, ಮಾರೋಣ ಅಂತ ಗೊತ್ತಿದ್ದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಈ ಮನುಷ್ಯ ಆ ಗುಂಪಿನಲ್ಲಿ ಮೊದಲಿನಿಂದಲೂ ಇದ್ದವನು. ಅದಕ್ಕೂ ಮೊದಲು ನನ್ನಿಂದ 1911ರ ಐದನೇ ಜಾರ್ಜ್ ರೂಪಾಯಿ ಒಂದನ್ನು ತೆಗೆದುಕೊಂಡಿದ್ದ. ಅದೇ, ರಾಜನ ನಿಲುವಂಗಿ ಮೇಲಿನ ಆನೆ ಹಂದಿಯ ಥರ ಕಾಣುತ್ತದೆ ಅಂತ ಗಲಾಟೆಯಾಗಿ, ಮುಂದಿನ ವರ್ಷ ಅಚ್ಚು ಬದಲಾಯಿಸಿದರಲ್ಲ, ಆ ರೂಪಾಯಿ. ಚೌಕಾಸಿ ಇಲ್ಲ, ಹೇಳಿದ ರೇಟು, ಅರ್ಧ ಗಂಟೆಯಲ್ಲಿ ದುಡ್ಡು ಖಾತೆಗೆ. ಪಾರ್ಸಲ್ ತಲುಪಿದ ಮೇಲೆ ಫೋನ್ ಮಾಡಿ ಥ್ಯಾಂಕ್ಸ್ ಬೇರೆ ಹೇಳಿದ. ನಂತರ ಇನ್ನೊಂದು ಸಣ್ಣ ವ್ಯವಹಾರ, ಅದೂ ಚೊಕ್ಕ. ಆ ಎರಡು ವ್ಯವಹಾರ ಯಾಕೆ ಮಾಡಿದ ಅಂತ ಈಗ ಗೊತ್ತು.

1939 ಹಾಕಿದ ಕೂಡಲೇ ಫೋನ್ ಬಂತು. "ಸಾರ್, ಬೇರೆಯವರಿಗೆ ಮಾತು ಕೊಡಬೇಡಿ, ನಂಗೇ ಇರ್ಲಿ." ಫೋಟೋ ಕೇಳಿದ. ಕಳಿಸಿದೆ. ಇನ್ನೂ ಹತ್ತಿರದಿಂದ ಬೇಕು ಅಂದ. ರಾಜನ ಕಿರೀಟದ ಸುತ್ತ ಕಪ್ಪು ಹಿಡಿದಿರುವುದು ಕಾಣುವ ಹಾಗೆ ಅಂದ, ಕೆಳಗಿನ ಇಸವಿ ಅಂದ, ಬಿಸಿಲಿನಲ್ಲಿ ಒಂದು ಅಂದ. ದುಡ್ಡು ಹಾಕುವವನು ಕೇಳುವುದು ಸಹಜ, ನಾನೇ ಕೊಳ್ಳುವಾಗ ಇಷ್ಟೆಲ್ಲ ಕೇಳುತ್ತೇನೆ. ಕೊನೆಗೆ ಅಂಚಿನ ಫೋಟೋ ಕೇಳಿದ. ಅವತ್ತು ಬೆಳಕು ಸರಿ ಇರಲಿಲ್ಲ, ಮೊಬೈಲಿನಲ್ಲಿ ಅಂಚು ಸರಿಯಾಗಿ ಬರುತ್ತಿರಲಿಲ್ಲ. "ಬಂದಾಗ ನೀವೇ ನೋಡಿ" ಅಂದುಬಿಟ್ಟೆ. ನನ್ನ ಪುಣ್ಯ ಅಂದರೆ ಅಷ್ಟೇ.

ಭೇಟಿಗೆ ಅವನು ಹೇಳಿದ್ದು ಹಾಸನಾಂಬ ದರ್ಶನದ ದಿನಗಳು. ಹೇಗೂ ದೇವಿ ದರ್ಶನಕ್ಕೆ ಬರುತ್ತೇವೆ, ನಾಣ್ಯವನ್ನೂ ನೋಡಿದ ಹಾಗಾಯಿತು ಅಂದ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಸ್ಥಾನ, ಆಗ ಹಾಸನ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಲಾಡ್ಜ್ ಸಿಗಲಿಲ್ಲ ಅಂತ ಒಂದು ಹೋಟೆಲಿಗೆ ಕರೆದ. ಕಾಲಿಡಲು ಜಾಗ ಇಲ್ಲ. ಮೂಲೆಯ ಟೇಬಲ್ಲಿನಲ್ಲಿ ಇಬ್ಬರೂ ಕೂತಿದ್ದರು. ಕಾಫಿ ಬಂತು. ಅವನು ಜೇಬಿನಿಂದ ಸಣ್ಣ ಡಿಜಿಟಲ್ ತಕ್ಕಡಿ ತೆಗೆದ. ನಾಣ್ಯ ಇಟ್ಟು ಪಿನ್ ಹೊಡೆದಿದ್ದ ಹೋಲ್ಡರ್ ಬಿಚ್ಚಿ ಅದನ್ನು ತಕ್ಕಡಿ ಮೇಲಿಟ್ಟ. ತೂಕ ಸರಿ ಬಂತು, ನನಗೂ ತೋರಿಸಿದ.

ಆಗ ಹುಡುಗ ಬಾಯಿ ಬಿಟ್ಟ. "ಸಾರ್, ಇದೊಂದು ನೋಡಿ, ನಮ್ಮಜ್ಜನ ಮನೇಲಿ ಸಿಕ್ಕಿದ್ದು, ಇಸವಿ ಓದೋಕೆ ಬರ್ತಿಲ್ಲ." ಕೈಯಲ್ಲಿ ಟಿಪ್ಪುವಿನ ಆನೆ ಕಾಸು. ಪಟ್ಟಣದ, ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯದು, ಒಳ್ಳೆ ದಪ್ಪ ತಾಮ್ರ, ಆನೆಯ ಸೊಂಡಿಲು ಸ್ಪಷ್ಟವಾಗಿತ್ತು. ಟಿಪ್ಪುವಿನ ಆಮೇಲಿನ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಹೊಸಬರಿಗೆ ಅದು ಗೊತ್ತಿರುವುದಿಲ್ಲ. ನಾಣ್ಯದ ಹುಚ್ಚು ಇರುವ ಯಾರ ಮುಂದೆಯಾದರೂ ಇಂಥದ್ದು ಹಿಡಿದರೆ ಅವನು ಕನ್ನಡಕ ಸರಿಮಾಡಿಕೊಂಡು ಬಗ್ಗಿಯೇ ಬಗ್ಗುತ್ತಾನೆ. ಯಾವ ಗಾಳಕ್ಕೆ ಯಾವ ಮೀನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಅಂಕಿ ಓದಿ ಹೇಳಿ ತಲೆ ಎತ್ತುವಷ್ಟರಲ್ಲಿ ರೂಪಾಯಿ ಮತ್ತೆ ಹೋಲ್ಡರಿನಲ್ಲಿತ್ತು. ರೇಟು ಸ್ವಲ್ಪ ಜಾಸ್ತಿಯಾಯಿತು, ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದ. ಕಾಫಿ ಬಿಲ್ಲೂ ಅವನೇ ಕೊಟ್ಟ.

ಮನೆಗೆ ಬಂದು ಹೋಲ್ಡರಿಗೆ ಹೊಸ ಪಿನ್ ಹೊಡೆಯುವಾಗ ಅಂಚಿನ ಮೇಲೆ ಬೆರಳಾಡಿಸಿದೆ. ನನ್ನ ನಾಣ್ಯದ ಅಂಚಿನಲ್ಲಿ ಒಂದು ಗುರುತಿತ್ತು. ಇದರಲ್ಲಿ ಇಲ್ಲ. ಕಿರೀಟದ ಸುತ್ತ ಕಪ್ಪು ಇತ್ತು, ಹೆಚ್ಚು ಕಡಿಮೆ ನನ್ನದರ ಹಾಗೇ. ಆದರೆ ಒದ್ದೆ ಹತ್ತಿಯಿಂದ ಒರೆಸಿದರೆ ಹತ್ತಿಗೆ ಹತ್ತಿತು. ನಾನು ಕಳಿಸಿದ ಫೋಟೋ ಇಟ್ಟುಕೊಂಡು, ಅದಕ್ಕೆ ಹೊಂದುವ 1938 ಹುಡುಕಿ, ಅಲ್ಲಲ್ಲೇ ಕಪ್ಪು ಕೂರಿಸಿ ತಂದಿದ್ದರು! ಫೋಟೋದಲ್ಲಿ ಇಲ್ಲದ್ದನ್ನು ಮಾತ್ರ ಮಾಡಲು ಆಗಲಿಲ್ಲ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದೆ. ಇಸವಿಯಲ್ಲಿ ಎರಡು 9 ಇರುತ್ತವೆ ಅಲ್ವಾ? ಅಸಲಿಯಲ್ಲಿ ಎರಡೂ ಒಂದೇ ಕೈಯ ಅಂಕಿಗಳ ಹಾಗೆ ಕಾಣುತ್ತವೆ. ಇದರಲ್ಲಿ ಮೊದಲನೆಯದರ ಬಾಲ ಸರಾಗವಾಗಿ ತಿರುಗಿತ್ತು. ಎರಡನೆಯದರ ಕೆಳಗಿನ ಸೊನ್ನೆಯ ಎಡಭಾಗ ಕೆತ್ತಿ ತೆಗೆದಿದ್ದರು, ಬಾಲದ ತುದಿ ಮೊಂಡಾಗಿ ನಿಂತಿತ್ತು. ಕೆತ್ತಿದ ಜಾಗದಲ್ಲಿ ಸಣ್ಣ ಗುಳಿ, ಅದರ ಸುತ್ತ ಕೂದಲೆಳೆಯಂಥ ಗೀರುಗಳು, ಅಲ್ಲಿ ಮಾತ್ರ ಬೆಳ್ಳಿ ಬೇರೆ ಕಡೆಗಿಂತ ಹೊಳಪು. ಬರಿಗಣ್ಣಿಗೆ ಏನೂ ಕಾಣದು. ಯಾರಾದರೂ ನಿಮಗೆ 1939 ತಂದರೆ ಮೊದಲು ಈ ಎರಡು 9 ಹೋಲಿಸಿ, ತೂಕ ಆಮೇಲೆ.

ಫೋನ್ ಮಾಡಿದೆ. "ನೀವು ಕೊಟ್ಟಿದ್ದನ್ನೇ ನಿಮ್ಗೆ ಕೊಟ್ಟಿದೀವಿ ಸಾರ್. ನೀವೇ ಸುಳ್ಳು ನಾಣ್ಯ ಮಾರೋಕೆ ನೋಡಿದ್ರಿ ಅಂತ ಗ್ರೂಪಲ್ಲಿ ಹಾಕ್ಲಾ?" ಅಂದ. ಆಮೇಲೆ ಆ ನಂಬರ್ ಸ್ವಿಚ್ ಆಫ್.

ಪೊಲೀಸ್ ಸ್ಟೇಷನ್ನಿನಲ್ಲಿ ಮೊದಲಿಗೆ "ಒಂದ್ರೂಪಾಯಿಗೆ ಕಂಪ್ಲೇಂಟಾ?" ಅಂತ ನಕ್ಕರು. ತಪ್ಪಿಲ್ಲ ಬಿಡಿ, ಅವರಿಗೆ ಹೇಗೆ ಗೊತ್ತಾಗಬೇಕು. ಬಿಲ್ ತೋರಿಸಿದೆ, ಬೆಲೆ ನೋಡಿ ಕುರ್ಚಿ ಕೊಟ್ಟರು. ಕೊಂಡಾಗ ನಾನು ತೆಗೆದಿಟ್ಟಿದ್ದ ಅಂಚಿನ ಫೋಟೋ ಕಂಪ್ಯೂಟರಿನಲ್ಲಿತ್ತು, ಅದನ್ನೂ ಕೊಟ್ಟೆ. ಭಾರತೀಯ ನ್ಯಾಯ ಸಂಹಿತೆಯ 318ರ ಕೆಳಗೆ, ಅಂದರೆ ವಂಚನೆ ಅಂತ, ದೂರು ದಾಖಲಾಗಿದೆ. ಆ ಸುಳ್ಳು 9 ಈಗ ಅವರ ಬಳಿ ಇದೆ. ಬಿಲ್ಲೂ ಫೋಟೋವೂ ಇಲ್ಲದಿದ್ದರೆ "ಯಾವ ನಾಣ್ಯ ನಿಮ್ಮದು ಅಂತ ಹೇಗೆ ಹೇಳ್ತೀರಿ" ಅನ್ನುವ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ.

ಮಾರುತ್ತೇನೆ ಅಂತ ಹಾಕಿದಾಗ ಬೇರೆ ಥರದವರೂ ಮುತ್ತಿಕೊಂಡರು. ರಿಸರ್ವ್ ಬ್ಯಾಂಕಿನವರು ಅಂತ ಹೇಳಿ, ನಿಮ್ಮ ನಾಣ್ಯಕ್ಕೆ ಲಕ್ಷಾಂತರ ಮಂಜೂರಾಗಿದೆ, ಮೊದಲು ಕಮಿಷನ್ ಕಟ್ಟಿ ಅನ್ನುವವರು. ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ: ಹಳೆ ನೋಟು ನಾಣ್ಯದ ವ್ಯವಹಾರ ನಾವು ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ ಲಕ್ಷ ಅನ್ನುವುದೂ ಇದೇ ಜಾತಿ. ರಾಮ ಪಟ್ಟಾಭಿಷೇಕದ ಚಿತ್ರ ಇರುವ, 1818 ಅಂತ ಬರೆದ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಂತೂ ಕಂಪನಿ ಹೊರಡಿಸಿದ್ದೇ ಅಲ್ಲ. ಹಳೆ ನಾಣ್ಯಕ್ಕೆ ಶಕ್ತಿ ಇದೆ, ಅಕ್ಕಿ ಕಾಳನ್ನು ತನ್ನತ್ತ ಎಳೆಯುತ್ತದೆ ಅಂತ ನಂಬಿಸುವವರ ಸುದ್ದಿ ಬೇಡವೇ ಬೇಡ. ಇನ್ನೊಬ್ಬ, 1911ರದ್ದು ಇನ್ನೊಂದಿದ್ದರೆ ವಿದೇಶಕ್ಕೆ ಪಾರ್ಸಲ್ ಮಾಡಿ, ಎರಡು ಪಟ್ಟು ಕೊಡುತ್ತೇನೆ ಅಂದ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಹೊರದೇಶಕ್ಕೆ ಕಳಿಸಿದರೆ ನೇರವಾಗಿ ಕೇಸು.

ಮಾರುವವರು ಇಷ್ಟು ಮಾಡಿ. ನಾಣ್ಯ ಕೊಂಡ ದಿನವೇ ಎರಡೂ ಮುಖ, ಇಸವಿ, ಇಡೀ ಅಂಚು ಸುತ್ತ ಫೋಟೋ ತೆಗೆದು ಇಟ್ಟುಕೊಳ್ಳಿ. ಕೊಳ್ಳುವವನಿಗೆ ಮುಖದ ಫೋಟೋ ಕೊಡಿ, ಅಂಚಿನದು ಕೊಡಬೇಡಿ. ಅದೊಂದು ನಿಮ್ಮ ಹತ್ತಿರವೇ ಇರಲಿ. ಭೇಟಿ ಹೋಟೆಲಿನಲ್ಲಿ ಬೇಡ, ನಿಮ್ಮ ಬ್ಯಾಂಕಿನಲ್ಲೋ ಗುರುತಿನ ಅಕ್ಕಸಾಲಿಗರ ಅಂಗಡಿಯಲ್ಲೋ ಇಟ್ಟುಕೊಳ್ಳಿ, ನಿಮ್ಮ ಕಡೆಯಿಂದಲೂ ಒಬ್ಬರು ಇರಲಿ. ಅವನು ತೂಕ ಮಾಡುವಾಗ ಬೇರೆ ಯಾವ ನಾಣ್ಯವನ್ನೂ ಕೈಗೆ ತೆಗೆದುಕೊಳ್ಳಬೇಡಿ, ಹೊಯ್ಸಳರ ಚಿನ್ನದ ಗದ್ಯಾಣವನ್ನೇ ತಂದರೂ ಆಮೇಲೆ ನೋಡುತ್ತೇನೆ ಅನ್ನಿ. ನಾಣ್ಯ ವಾಪಸ್ ಬಂದರೆ ಅವನು ಎದುರಿಗಿರುವಾಗಲೇ ಅಂಚು ಮುಟ್ಟಿ ನೋಡಿ. ದೊಡ್ಡ ಬೆಲೆಯದಾದರೆ ನನ್ನ ಅಭಿಪ್ರಾಯದಲ್ಲಿ ಲೈಸೆನ್ಸ್ ಇರುವ ಹರಾಜು ಸಂಸ್ಥೆಯೇ ವಾಸಿ. ಕಮಿಷನ್ ಹಿಡಿಯುತ್ತಾರೆ, ದುಡ್ಡು ಬರುವುದು ತಡ, ಆದರೆ ತೂಕ ಮತ್ತು ಫೋಟೋ ಇರುವ ರಸೀದಿ ಕೇಳಿ ಪಡೆಯಬಹುದು.

ಸಕಲೇಶಪುರ, ಬೇಲೂರು, ಮೂಡಿಗೆರೆ, ಕಡೂರು, ತರೀಕೆರೆ ಕಡೆಯ ಯಾರಿಗಾದರೂ ಈಗ 1939ರ ರೂಪಾಯಿ ಬಂದರೆ, ದುಡ್ಡು ಕೊಡುವ ಮೊದಲು ಅದರ ಅಂಚಿನ ಫೋಟೋ ಸುತ್ತಲೂ ತೆಗೆದು ನನಗೆ ಕಳಿಸಿ. ನನ್ನ ಗುರುತು ಎಲ್ಲಿದೆ, ಹೇಗಿದೆ ಅಂತ ಇಲ್ಲಿ ಬರೆಯುವುದಿಲ್ಲ. ಅವರೂ ಇದನ್ನು ಓದುತ್ತಾರೆ.